ಬಿಳಿ ಐದರ ಹಾಡು

ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇತ್ತು ಏನು ಬಂತು, ಈಗಲೂ ಇದೆ. ಫೋನಿನಲ್ಲಿ ಅವಳ ಫೋಟೊ ಕಂಡರೆ ಬೆರಳು ತಾನಾಗಿಯೇ ಮುಂದಕ್ಕೆ ಸರಿಸಿಬಿಡುತ್ತದೆ. ಎದುರು ಸಿಕ್ಕರೆ ಮಾತ್ರ ತಬ್ಬಿಕೊಂಡು ಮಾತಾಡುತ್ತೇನೆ, ಅದು ಬೇರೆ ವಿಷಯ.

ನಾನು ಓದಿದ್ದು ತರೀಕೆರೆಯ ಒಂದು ಹೈಸ್ಕೂಲಿನಲ್ಲಿ. ಅಲ್ಲಿ ಎಂಟನೇ ಕ್ಲಾಸಿನಿಂದ ರಂಗಕಲೆ ಅಂತ ಒಂದು ವಿಷಯ ಇತ್ತು. ಬುದ್ಧಿವಂತರೆಲ್ಲ ಕಂಪ್ಯೂಟರ್ ಆರಿಸಿಕೊಂಡರು, ನಾವು ಕೆಲವರು ಇದಕ್ಕೆ ಬಿದ್ದೆವು. ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ ನಾಟಕದ ಮಿಸ್ ನಮಗೆ ಹಾಡುತ್ತ ನಡೆಯುವುದು, ಹಾಡುತ್ತ ಜಗಳವಾಡುವುದು, ಮಾತಾಡುತ್ತಿದ್ದವರು ಗೊತ್ತೇ ಆಗದಂತೆ ಹಾಡಿಗೆ ಹೊರಳುವುದು, ಇವನ್ನೆಲ್ಲ ಕಲಿಸುತ್ತಿದ್ದರು. ಪಕ್ಕದ ಕ್ಲಾಸಿನ ಗಣಿತದ ಸರ್ ನಮ್ಮ ಗಲಾಟೆ ತಡೆಯಲಾರದೆ ದಿನಾ ಬಂದು ನಮ್ಮ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು.

ನಾನು ರಂಗಕಲೆ ಆರಿಸಿಕೊಂಡದ್ದು ಅಪ್ಪನಿಗಾಗಿ. ಅಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕಸುಬು. ಆದರೆ ಯಗಟಿ, ಸಿಂಗಟಗೆರೆ ಕಡೆ ಯಾವ ಊರಿನವರು ಪೌರಾಣಿಕ ನಾಟಕ ಆಡಿದರೂ ಹಾರ್ಮೋನಿಯಂ ಮುಂದೆ ಕೂರುತ್ತಿದ್ದವರು ನಮ್ಮಪ್ಪನೇ. ಯಾರ್ಯಾರದೋ ಊರಿನ ಭೀಮ ದುರ್ಯೋಧನರ ಹಾಡನ್ನೆಲ್ಲ ಕಣ್ಣರಳಿಸಿ ಕೇಳಿ ನುಡಿಸುವ ಮನುಷ್ಯ, ನಾನು ಮನೆಯಲ್ಲಿ ಹಾಡಿದರೆ, “ಹ್ಞೂ, ಚೆನ್ನಾಗೈತೆ, ಹೋಗು ಓದ್ಕೋ” ಅನ್ನುತ್ತಿದ್ದರು. ನಾನು ನಾಟಕದಲ್ಲಿ ನಿಂತು ಹಾಡಬೇಕು, ಅಪ್ಪ ನುಡಿಸುತ್ತಿರಬೇಕು, ಯಾರೋ ಹಾಡುಗಾರ್ತಿಯನ್ನು ಕೇಳುವ ಹಾಗೆ ತಲೆಯೆತ್ತಿ ನನ್ನನ್ನು ಕೇಳಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಒಂಬತ್ತನೇ ಕ್ಲಾಸಿಗೆ ಅವಳು ಬಂದು ಸೇರಿದಳು. ಯಗಟಿಯ ಹುಡುಗಿ, ತರೀಕೆರೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದಲು ಬಂದಿದ್ದಳು. ಅವರಪ್ಪ ಕೊಬ್ಬರಿ ವ್ಯಾಪಾರಸ್ಥರು, ಕಾರಿತ್ತು, ಯಾವುದಕ್ಕೂ ಕಡಿಮೆಯಿರಲಿಲ್ಲ. ಸಂಗೀತ ಮಾತ್ರ ಕಲಿತಿರಲಿಲ್ಲ. ಹಾಗಂತ ನಾನು ಒಳಗೊಳಗೇ ಹಿಗ್ಗುತ್ತಿರುವಾಗಲೇ ಮಿಸ್ ಅವಳ ಕೈಲಿ ಹಾಡಿಸಿದರು. ಬಾಗಿಲು ಎಳೆಯಲು ಬಂದ ಗಣಿತದ ಸರ್ ಎಳೆಯದೆ ಅಲ್ಲೇ ನಿಂತುಬಿಟ್ಟರು. ನನ್ನ ಹೊಟ್ಟೆ ಉರಿಯಲು ಶುರುವಾದದ್ದು ಆ ಪೀರಿಯಡ್ಡಿನಲ್ಲಿ.

ಆ ವರ್ಷ ಮಿಸ್ ಒಂದು ಹಾಡಿನ ನಾಟಕ ಬರೆದರು. ಕೆರೆಗೂ ಮೋಡಕ್ಕೂ ಯಾರು ಹೆಚ್ಚು ಅಂತ ಜಗಳ. ನಾನು ಕೆರೆ, ಅವಳು ಮೋಡ. ಕೊನೆಯಲ್ಲಿ ಇಬ್ಬರೂ ಎದುರುಬದುರು ನಿಂತು ಒಂದೊಂದೇ ನುಡಿ ಹಾಡಿಕೊಂಡು ಕಿತ್ತಾಡುವ ದೊಡ್ಡ ಹಾಡು. ಹಾರ್ಮೋನಿಯಂಗೆ ಅಪ್ಪನನ್ನೇ ಕೇಳಿದರು, ಅಪ್ಪ ಒಪ್ಪಿಕೊಂಡರು. ನಾನು ಆವತ್ತು ಖುಷಿಗೆ ಊಟ ಮಾಡಲಿಲ್ಲ.

ಭಾನುವಾರಗಳಲ್ಲಿ ನಮ್ಮ ಮನೆಯಲ್ಲೇ ಅಭ್ಯಾಸ. ಮೊದಲನೇ ದಿನವೇ ಅವಳು ಅಪ್ಪನ ಕಾಲು ಮುಟ್ಟಿ, “ಮೇಷ್ಟ್ರೇ, ನಂಗೇನೂ ಬರಲ್ಲ, ನೀವೇ ಕಲಿಸ್ಬೇಕು” ಅಂದಳು. ಅಂಗಡಿಯಲ್ಲಿ ದಿನವೆಲ್ಲ ‘ಮೋಟಾರಣ್ಣ’ ಅನ್ನಿಸಿಕೊಳ್ಳುವ ಅಪ್ಪ ಆ ‘ಮೇಷ್ಟ್ರೇ’ಗೆ ಕರಗಿ ನೀರಾದರು. ನಾನು ಹುಟ್ಟಿದಾಗಿನಿಂದ ‘ಅಪ್ಪಾ’ ಅನ್ನುತ್ತಿದ್ದೇನೆ, ಅದರಲ್ಲಿ ಆ ಗತ್ತು ಎಲ್ಲಿಂದ ಬರಬೇಕು?

ಆಮೇಲೆ ಶ್ರುತಿಯ ಪ್ರಶ್ನೆ ಬಂತು. ಹಾರ್ಮೋನಿಯಂನ ಬಿಳಿ ಪಟ್ಟಿಗಳಲ್ಲಿ ಮೂರನೆಯದು ನನ್ನ ಶ್ರುತಿ, ಬಿಳಿ ಮೂರು ಅನ್ನುತ್ತಾರೆ. ಅವಳದು ಬಿಳಿ ಐದು, ನನ್ನದಕ್ಕಿಂತ ಎರಡು ಪಟ್ಟಿ ಮೇಲೆ. ಇಬ್ಬರೂ ಸೇರಿ ಹಾಡುವ ಹಾಡಿಗೆ ಯಾರ ಶ್ರುತಿ ಹಿಡಿಯಬೇಕು? ಅಪ್ಪ ಒಂದು ಕ್ಷಣವೂ ಯೋಚಿಸದೆ ಬಿಳಿ ಐದರ ಮೇಲೆ ಬೆರಳಿಟ್ಟರು.

“ನಂಗೆ ಅಷ್ಟು ಮೇಲೆ ಬರಲ್ಲಪ್ಪಾ,” ಅಂದೆ. “ಕೆರೆ ಅಂದ್ರೆ ಕೆಳಗೇ ತಾನೇ ಇರೋದು? ಕೆಳಗೇ ಹಾಡ್ತೀನಿ.”

“ಒಂದು ಹಾಡಿಗೆ ಒಂದೇ ಶ್ರುತಿ ಕಣೇ. ಅವಳ ಗಂಟ್ಲು ಅರಳೋದು ಇಲ್ಲೇಯ. ನೀನು ಮನೇವ್ಳು, ಹೆಂಗೋ ಹೊಂದ್ಕಂತೀಯ.”

ಮನೆಯವಳು ಅನ್ನುವುದು ಆವತ್ತು ಬೈಗುಳದ ಹಾಗೆ ಕೇಳಿಸಿತು. ಅವಳು ಬೇರೆ, “ಮೇಷ್ಟ್ರೇ, ಬೇಕಾದ್ರೆ ನಾನೇ ಇಳ್ಕೊಂತೀನಿ ಬಿಡಿ” ಅಂದಳು. ಒಳ್ಳೆಯತನ ಬೇರೆ ಕೇಡು. ಅಮ್ಮ ಕಾವಲಿಯಿಂದ ತೆಗೆದ ಬಿಸಿ ರೊಟ್ಟಿಯನ್ನು ನನ್ನನ್ನು ದಾಟಿ ಅವಳ ತಟ್ಟೆಗೆ ಹಾಕಿದರು. ಅದೇ ವಾರ ಅಪ್ಪ ಜೀವಮಾನದಲ್ಲಿ ಮೊದಲ ಸಲ ವಾಟ್ಸಾಪ್ ಸ್ಟೇಟಸ್ ಹಾಕಿದರು. ಅವಳು ಹಾಡುತ್ತಿರುವ ವಿಡಿಯೋ. ಪಕ್ಕದಲ್ಲಿ ನನ್ನ ಮೊಣಕೈ ಕಾಣುತ್ತಿತ್ತು.

ಸರಿ, ಬಿಳಿ ಐದು ತಾನೇ, ಹತ್ತಿ ತೋರಿಸುತ್ತೇನೆ ಅಂತ ಹಟ ಹಿಡಿದೆ. ಅಪ್ಪ ಬೆಳಗ್ಗೆ ಅಂಗಡಿಗೆ ಹೋದ ಮೇಲೆ ಟೆರೇಸ್ ಹತ್ತಿ, ನೀರಿನ ಟ್ಯಾಂಕಿಗೆ ಒರಗಿ, ಫೋನಿನಲ್ಲಿ ಶ್ರುತಿ ಇಟ್ಟುಕೊಂಡು ಸಾಧನೆ ಮಾಡಿದೆ. ಮೊದಮೊದಲು ಮೇಲಿನ ಸ್ವರಕ್ಕೆ ಹೋದರೆ ಧ್ವನಿ ಒಡೆದು ಕೆಮ್ಮು ಬರುತ್ತಿತ್ತು. ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟು, “ಯಾಕಿಂಗೆ ಅರಚ್ಕೊಂತೀಯೇ?” ಅಂತ ಬೈದರು. ಅಪ್ಪನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡೆ. ಭಾನುವಾರದ ಅಭ್ಯಾಸದಲ್ಲಿ ಬೇಕೆಂದೇ ನನ್ನ ನುಡಿಗಳನ್ನು ಮೆಲ್ಲಗೆ ಗುನುಗಿ ಮುಗಿಸುತ್ತಿದ್ದೆ. ಅಪ್ಪ ನನ್ನ ಪೂರ್ತಿ ಧ್ವನಿಯನ್ನು ಮೊದಲು ಕೇಳುವುದು ನಾಟಕದ ದಿನವೇ ಆಗಬೇಕಿತ್ತು. ಎರಡು ತಿಂಗಳಾಗುವ ಹೊತ್ತಿಗೆ ಬಿಳಿ ಐದು ನನ್ನದಾಯಿತು. ಒಂದು ದಿನ ಪಕ್ಕದ ಮನೆಯ ಅಜ್ಜಿ ಅಂಗಳದಿಂದ ಕತ್ತೆತ್ತಿ, “ಯಾರವ್ವ ಅದು, ರೇಡಿಯಾನಾ?” ಅಂತ ಕೇಳಿದರು. ಟ್ಯಾಂಕಿನ ಹಿಂದೆ ಕೂತು ಒಬ್ಬಳೇ ನಕ್ಕೆ.

ನಾಟಕ ನಡೆದದ್ದು ಅಜ್ಜಂಪುರದಲ್ಲಿ, ಒಂದು ಬಯಲು ರಂಗಮಂದಿರದಲ್ಲಿ, ಸಂಜೆ. ಕೊನೆಯ ಹಾಡಿಗೆ ಬಂದೆವು. ಅವಳು ಮೋಡದ ಮೊದಲ ನುಡಿ ಎತ್ತಿದಳು. ಜನ “ಒನ್ಸ್ ಮೋರ್” ಅಂತ ಕೂಗಿದರು, ಅದನ್ನೇ ಇನ್ನೊಮ್ಮೆ ಹಾಡಿದಳು. ಇನ್ನು ನನ್ನ ನುಡಿ. ಎದೆ ತುಂಬ ಉಸಿರು ಎಳೆದುಕೊಂಡೆ.

ಅಷ್ಟರಲ್ಲಿ ಅವಳ ಕಡೆಯವರು ಹಾರ ಹಿಡಿದು ಮೆಟ್ಟಿಲು ಹತ್ತಿ ಬಂದರು. ನಮ್ಮ ಕಡೆ ಊರ ನಾಟಕಗಳಲ್ಲಿ ಇದು ರೂಢಿ. ಪಾತ್ರಧಾರಿಯ ನೆಂಟರಿಷ್ಟರು ಆಟದ ಮಧ್ಯದಲ್ಲೇ ಬಂದು ಹಾರ ಹಾಕುತ್ತಾರೆ, ಯುದ್ಧ ನಡೆಯುತ್ತಿದ್ದರೂ ಅಲ್ಲಿಗೆ ನಿಲ್ಲುತ್ತದೆ. ಸ್ಕೂಲಿನ ನಾಟಕಕ್ಕೂ ಅದನ್ನೇ ಮಾಡಿದರು. ಚಿಕ್ಕಮ್ಮ, ಚಿಕ್ಕಪ್ಪ, ಸೋದರಮಾವ, ಒಬ್ಬೊಬ್ಬರದೂ ಒಂದೊಂದು ಹಾರ, ಒಂದೊಂದು ಫೋಟೊ. ಮಿಸ್ ಪಕ್ಕದಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದರು. ಅಪ್ಪ ನಗುನಗುತ್ತ ಏನೋ ನುಡಿಸುತ್ತ ಕಾಲ ತಳ್ಳಿದರು. ನಾನು ಕೆರೆಯ ನೀಲಿ ಸೀರೆಯಲ್ಲಿ ಸುಮ್ಮನೆ ನಿಂತಿದ್ದೆ. ನಿಮ್ಮ ಹಾರವೆಲ್ಲ ಮುಗಿಯಲಿ, ಆಮೇಲೆ ಕೇಳುವಿರಂತೆ ಅಂದುಕೊಂಡೆ.

ಕೊನೆಗೂ ಅವರೆಲ್ಲ ಇಳಿದರು. ಅಪ್ಪ ನನ್ನ ಕಡೆ ನೋಡಿದರು. ನೋಡಿ, ಕಣ್ಣಲ್ಲೇ ಧೈರ್ಯ ಹೇಳಿ, ಬಿಳಿ ಮೂರು ಒತ್ತಿದರು.

ನನಗಾಗಿ ಇಳಿಸಿದ್ದರು. ಒಂದು ಹಾಡಿಗೆ ಒಂದೇ ಶ್ರುತಿ ಅಂದಿದ್ದವರು, ಮಗಳು ಅಷ್ಟು ಜನರೆದುರು ಒಡೆದ ಗಂಟಲಲ್ಲಿ ಅರಚಬಾರದು ಅಂತ ತಮ್ಮ ಮಾತನ್ನು ತಾವೇ ಮುರಿದಿದ್ದರು. ಬೇಡ ಅಂತ ತಲೆಯಾಡಿಸಿದೆ. ಅವರಿಗೆ ಅದು ಹೆದರಿಕೆ ಅನ್ನಿಸಿತೋ ಏನೋ, ಇನ್ನಷ್ಟು ಗಟ್ಟಿಯಾಗಿ ಬಿಳಿ ಮೂರನ್ನೇ ಒತ್ತಿ ಹಿಡಿದರು. ಹಾರ್ಮೋನಿಯಂ ಒಂದು ಕಡೆ, ನಾನೊಂದು ಕಡೆ ಹಾಡಲು ಆಗುತ್ತದೆಯೇ? ಹಾಡಿದೆ. ಚೆನ್ನಾಗಿಯೇ ಬಂತು, ಮನೆಯಲ್ಲಿ ಯಾವಾಗಲೂ ಬರುವ ಹಾಗೆ. ಜನ ಚಪ್ಪಾಳೆ ಹೊಡೆದರು, ಮಕ್ಕಳು ಹಾಡಿದರೆ ಹೊಡೆಯುವಷ್ಟು.

ಈಗ ಅವಳು ಅದೇ ಶ್ರುತಿಯಲ್ಲಿ ಉತ್ತರ ಕೊಡಬೇಕಿತ್ತು. ತಡವರಿಸಲಿ ದೇವರೇ ಅಂತ ಬೇಡಿಕೊಂಡೆ. ಅವಳು ಒಮ್ಮೆ ಅಪ್ಪನ ಬೆರಳುಗಳ ಕಡೆ ನೋಡಿ, ಮೊದಲ ಸಾಲನ್ನು ಅರ್ಧ ಮಾತಿನಂತೆ ಆಡಿ, ಹಾಗೆಯೇ ಹಾಡಿಗೆ ಹೊರಳಿದಳು. ಮತ್ತೆ ಒನ್ಸ್ ಮೋರ್.

ಆಟ ಮುಗಿದ ಮೇಲೆ ಅಪ್ಪ ಹಾರ್ಮೋನಿಯಂಗೆ ಬಟ್ಟೆ ಸುತ್ತುತ್ತಿದ್ದರು. ನಾನು ಬಣ್ಣ ಕೂಡ ತೊಳೆಯದೆ ಹೋಗಿ ಎದುರಿಗೆ ನಿಂತೆ.

“ಹೆದರ್ಬಿಟ್ಟಿದ್ದೆ ಅಲ್ವಾ? ನಿಂಗೋಸ್ಕರಾನೇ ಇಳಿಸ್ದೆ ಕಣವ್ವಾ.”

“ನಾನು ಮೇಲೇ ಹಾಡ್ತಿದ್ದೆ ಅಪ್ಪಾ. ನಂಗೆ ಬರ್ತೈತೆ.”

“ಹ್ಞೂ, ಬರ್ತೈತೆ ಬಿಡು,” ಅಂದರು, ಜ್ವರದಲ್ಲಿರುವ ಮಗುವಿಗೆ ಹೇಳುವ ಹಾಗೆ. ಗಂಟು ಬಿಗಿದು ತಲೆಯೆತ್ತಿದರು. ಅವರ ಮುಖ ಅರಳಿತ್ತು. “ಆ ಹುಡ್ಗಿ ನೋಡ್ದಾ? ಒಂದಿನಾನೂ ಅಭ್ಯಾಸ ಇಲ್ದೆ ಎರಡು ಪಟ್ಟಿ ಇಳ್ಕೊಂಡ್ಳು! ನೋಡ್ದಾ ನೀನು?”

“ನೋಡ್ದೆ ಅಪ್ಪಾ,” ಅಂದೆ. “ಪಕ್ಕದಲ್ಲೇ ನಿಂತಿದ್ನಲ್ಲ.”