ಹುರುಳಿಯ ಮೇಲೆ ಇನ್ನೂರು ಕೆಜಿ

ಇಂದು ಭಾನುವಾರ, ಬೆಳಿಗ್ಗೆ ಹತ್ತೂವರೆ. ಜಗಳೂರಿನಿಂದ ಬಿಳಿಚೋಡಿಗೆ ನನ್ನ ಎರಡು ಸಿಲಿಂಡರಿನ ಬೈಕಿನಲ್ಲಿ ಬರುತ್ತಿದ್ದೆ.

ಸ್ನೇಹಿತರೇ, ತಿರುವು ದಾಟಿದೆ, ಡಾಂಬರು ಕಾಣಲಿಲ್ಲ. ಈ ಬದಿಯಿಂದ ಆ ಬದಿಯವರೆಗೆ ಹುರುಳಿ ಗಿಡ ಹರಡಿದ್ದರು. ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು. ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಬೈಕು ನಿಂತಾಗ ಕಾಲು ಊರಿದೆ, ಕಾಲೂ ಜಾರಿತು. ಹೇಗೋ ಬೀಳದೆ ಹಿಡಿದುಕೊಂಡೆ.

ರಸ್ತೆಯಂಚಿನಿಂದ ಒಬ್ಬ ಅಜ್ಜಿ ಎದ್ದು ಬಂದರು.

“ಯಾಕ್ರಿ ನಿಂತ್ರಿ? ಗಾಡಿ ಎಷ್ಟು ಭಾರ ಐತೆ?”

“ಇನ್ನೂರು ಕೆಜಿ.”

“ಹಂಗಾದ್ರೆ ಎರಡು ಸುತ್ತು ಹಾಕ್ರಿ ತಮ್ಮಾ. ಬೆಳಗ್ಗಿಂದ ಬರೀ ಸಣ್ಣ ಗಾಡಿ ಬಂದಾವು, ಕಾಯಿ ಒಡೀತಾನೇ ಇಲ್ಲ.”

“ಜಾರುತ್ತೆ ಅಜ್ಜಿ. ಭಯ ಆಗ್ತಿದೆ.”

“ಅಷ್ಟು ಸದ್ದು ಮಾಡ್ಕೊಂಡು ಬರಾಕೆ ಭಯ ಇಲ್ಲ, ನಿಧಾನಕ್ಕೆ ಹೋಗಾಕೆ ಭಯನಾ?”

ಮೊದಲ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡು ಉಳಿದ ದೂರ ದಾಟಿದೆ. ಚಕ್ರದಡಿ ಕಾಯಿ ಸಿಡಿಯುವ ಒಂದೊಂದು ಸದ್ದಿಗೂ ಬೆನ್ನು ಬೆವರುತ್ತಿತ್ತು. ಹಿಂದಿನಿಂದ ಅಜ್ಜಿಯ ಕೂಗು: “ವಾಪಸ್ ಬರ್ತೀರಲ್ಲ? ಗಿಡ ತಿರುವಿ ಹಾಕಿರ್ತೀನಿ!”

ಈಗ ಬಿಳಿಚೋಡಿನ ಹೋಟೆಲಿನಲ್ಲಿ ಮೂರನೇ ಟೀ ಕುಡಿಯುತ್ತಿದ್ದೇನೆ. ಮನೆಗೆ ಅದೇ ದಾರಿ. ಹುರುಳಿ ಬಂದಲ್ಲಿ ಎಂಜಿನ್ ಆರಿಸಿ, ಇಳಿದು, ಬೈಕನ್ನು ತಳ್ಳಿಕೊಂಡೇ ದಾಟುವುದೆಂದು ತೀರ್ಮಾನಿಸಿದ್ದೇನೆ. ತಳ್ಳಿದರೂ ಭಾರ ಇನ್ನೂರೇ, ಅಜ್ಜಿಗೇನೂ ನಷ್ಟವಿಲ್ಲ.