ಮಾಲ್ಸುನ್ ಅಕ್ಕ ಬಾಯಿ ಮುಚ್ಚಿದ ವರ್ಷ

ಕೊರಿಯಾದ ಜೊಲ್ಲಾ ಸೀಮೆಯ ನಮ್ಮ ಮೀನುಪೇಟೆಯಲ್ಲಿ ಪ್ಯೋ ಮಾಲ್ಸುನ್ ಅಕ್ಕನ ಬಾಯಿಗೆ ಹೆದರದವರು ಇರಲಿಲ್ಲ. ಪೇಟೆಯ ಬಾಗಿಲಲ್ಲೇ, ಬಸ್ಸಿಳಿದವರು ಮೊದಲು ಕಾಲಿಡುವ ಮೂಲೆಯಲ್ಲಿ, ಉಪ್ಪು ಸಿಗಡಿಯ ಭರಣಿಗಳ ನಡುವೆ ಕೂತಿರುತ್ತಿದ್ದಳು. ಗಂಡನ ದೋಣಿ ಕಡಲಿನಿಂದ ಮರಳಲಿಲ್ಲ. ಆ ಮೂಲೆಯನ್ನು ನಂಬಿಕೊಂಡೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ದಡ ಸೇರಿಸಿದಳು. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎನ್ನುತ್ತಾರಲ್ಲ, ಅದು ಇವಳನ್ನು ನೋಡಿಯೇ ಹೇಳಿದ್ದಿರಬೇಕು. ಎದುರಂಗಡಿಯಲ್ಲಿ ಒಣ ಕಡಲಕಳೆ ಮಾರುವ ನನಗೆ ಅವಳ ಬೈಗುಳ ಕೇಳದೆ ಬೆಳಗಾಗುತ್ತಿರಲಿಲ್ಲ.

ಆ ಚಳಿಗಾಲ ವರ್ತಕರ ಸಂಘದ ಅಧ್ಯಕ್ಷ ಗೂ ಬೊನ್‌ಚಲ್ ಹೊಸ ಸುದ್ದಿ ತಂದ. ಪೇಟೆಯ ಅಂದ ಹೆಚ್ಚಬೇಕಂತೆ, ಬಾಗಿಲ ಮೂಲೆಯಲ್ಲಿ ಕಾಫಿ ಅಂಗಡಿ ಬರಬೇಕಂತೆ. ಅಕ್ಕ ಭರಣಿಗಳನ್ನೆತ್ತಿಕೊಂಡು ಹಿಂದೆ, ಕಕ್ಕಸಿನ ಪಕ್ಕಕ್ಕೆ ಹೋಗಬೇಕಂತೆ. ತೀರ್ಮಾನ ವಸಂತದ ಸಭೆಯಲ್ಲಿ. ಕಕ್ಕಸಿನ ಪಕ್ಕ ಕೂತು ತಿನ್ನುವ ಪದಾರ್ಥ ಯಾರಿಗೆ ಮಾರುವುದು? ಅಲ್ಲಿಗೆ ಹೋದರೆ ಅಕ್ಕನ ಕಥೆ ಮುಗಿದಂತೆ. ಆದರೂ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಬಾಯಿ ಇದೆಯಲ್ಲ!

ಅಷ್ಟರಲ್ಲಿ ಹೊಸ ವರ್ಷ ಬಂತು. ವರ್ಷದ ಮೊದಲ ಬೆಳಿಗ್ಗೆ ಚರ್ಚಿನಲ್ಲಿ ಒಬ್ಬೊಬ್ಬರೂ ಬುಟ್ಟಿಗೆ ಕೈ ಹಾಕಿ ಚೀಟಿ ಎತ್ತುತ್ತೇವೆ. ಚೀಟಿಯಲ್ಲಿ ಬೈಬಲಿನದೊಂದು ವಚನ. ಆ ವರ್ಷಕ್ಕೆ ದೇವರು ನಮಗೆಂದೇ ಆಡಿದ ಮಾತು ಅದು; ಮನೆಗೆ ತಂದು, ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿಗೆ ಅಂಟಿಸಿಕೊಳ್ಳುತ್ತೇವೆ. ಅರವತ್ತು ದಾಟಿದ ವಿಧವೆಯಾದ ನನಗೆ ಬಂದದ್ದು ಬಂಜೆಯೊಬ್ಬಳು ಮಕ್ಕಳ ಮೇಲೆ ಮಕ್ಕಳನ್ನು ಹೆರುವ ವಚನ. ನಾನದನ್ನು ಫ್ರಿಜ್ಜಿನ ಹಿಂಬದಿಗೆ ಅಂಟಿಸಿದೆ. ಮಾಲ್ಸುನ್ ಅಕ್ಕನಿಗೆ ಬಂದದ್ದು ಶತ್ರುಸೇನೆ ಬೆನ್ನಟ್ಟಿ ಬಂದಾಗ ಕೆಂಪು ಸಮುದ್ರದ ದಂಡೆಯಲ್ಲಿ ಮೋಶೆ ತನ್ನ ಜನಕ್ಕೆ ಹೇಳಿದ ಮಾತು: ಯುದ್ಧ ದೇವರು ಮಾಡುತ್ತಾನೆ, ನೀವು ಸುಮ್ಮನಿದ್ದರೆ ಸಾಕು.

ಅಕ್ಕ ಓದಿದಳು. ಮತ್ತೆ ಓದಿದಳು.

“ಹಿರಿಯಮ್ಮನವ್ರೇ, ಅದು ಹಾಗಲ್ಲ,” ಎನ್ನುತ್ತ ಪಾಸ್ಟರ್ ಓಡಿಬಂದರು. “ಹೆದರಬೇಡಿ ಅಂತಷ್ಟೇ ಅರ್ಥ. ಮಾತೇ ಆಡಬಾರ್ದು ಅಂತಲ್ಲ. ಬೇಕಾದ್ರೆ ಇನ್ನೊಂದು ಚೀಟಿ ತಗೊಳ್ಳಿ.”

“ಇನ್ನೊಂದಾ? ದೇವ್ರ ಹತ್ರಾನೂ ಚೌಕಾಸಿ ಮಾಡು ಅಂತೀರಾ? ನನ್ನ ಅಂಗಡೀಲೇ ಒಂದೇ ಬೆಲೆ ಪಾಸ್ಟರೇ. ಕೊಟ್ಟಿದ್ದು ತಗೊಂಡೆ, ಮುಗೀತು.”

ಅಷ್ಟು ಹೇಳಿ ಬಾಯಿ ಮುಚ್ಚಿದವಳು ಮನುಷ್ಯರೊಡನೆ ಮತ್ತೆ ಮಾತಾಡಲಿಲ್ಲ.

ಮೊದಲು ಪೇಟೆಯವರು ಲಕ್ವಾ ಹೊಡೆದಿದೆ ಎಂದುಕೊಂಡು ಗಂಜಿ ತಂದುಕೊಟ್ಟರು. ಅವಳು ಉಂಡು ಪಾತ್ರೆ ತೊಳೆದು ಕೊಟ್ಟಳು. ಗಿರಾಕಿಗಳಿಗೆ ಬೆರಳು ಎತ್ತಿ ಬೆಲೆ ತೋರಿಸುವಳು. ಮೂಕವಾಗಿ ದಿಟ್ಟಿಸುವ ಹೆಂಗಸಿನ ಮುಂದೆ ಚೌಕಾಸಿ ಮಾಡಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ನನಗಂತೂ ಮೈಯುರಿಯಿತು.

“ಅಕ್ಕಾ, ದೇವ್ರು ಬಾಯಿ ಕೊಟ್ಟಿರೋದು ಬರೀ ಗೆಣಸು ತಿನ್ನಕ್ಕಾ? ಜಾಗ ಹೋಗ್ತಾ ಇದೆ ಕಣೇ ನಿಂದು!”

ಅವಳು ತಿನ್ನುತ್ತಿದ್ದ ಬೇಯಿಸಿದ ಗೆಣಸನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು.

ಎಲ್ಲರಿಗಿಂತ ಹೆಚ್ಚು ಸೊರಗಿದವನು ಗೂ. ದಿನಾ ಬಂದು ಅವಳೆದುರು ನಿಲ್ಲುವನು, ಬೈಗುಳಕ್ಕೆ ಕಾಯುವನು, ಬರಿಗೈಯಲ್ಲಿ ಮರಳುವನು. ಅಕ್ಕ ಮುಂಜಾನೆಯ ಪ್ರಾರ್ಥನೆಯಲ್ಲಿ ಮಾತ್ರ ಬಾಯಿ ಬಿಡುತ್ತಾಳೆ ಎಂದು ಯಾರೋ ಅವನಿಗೆ ಹೇಳಿದರಂತೆ. ಹುಟ್ಟಿದಾಗಿನಿಂದ ಚರ್ಚಿನ ಮೆಟ್ಟಿಲು ಹತ್ತದ ಮನುಷ್ಯ ಮಾಸ್ಕು ಹಾಕಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತ. ಎಲ್ಲರೂ ಒಟ್ಟಿಗೆ ಕೂಗಿ ಪ್ರಾರ್ಥಿಸುವ ಆ ಗದ್ದಲದಲ್ಲೂ ಅಕ್ಕನ ದನಿಯೇ ಮೇಲೆ.

“ಸ್ವಾಮೀ, ಆ ಗೂ ಬೊನ್‌ಚಲ್‌ನ ನಿನ್ನ ಕೈಗೇ ಬಿಟ್ಟಿದೀನಿ. ನಾನು ಮಧ್ಯ ಬರಲ್ಲ.”

ಹೊರಗೆ ಬಂದವನೇ ನನ್ನ ತೋಳು ಹಿಡಿದುಕೊಂಡ. “ಕೈಗೆ ಬಿಟ್ಟಿದೀನಿ ಅಂದ್ರೆ ಏನ್ರೀ ಅರ್ಥ? ಏನ್ ಮಾಡ್ತಾರೆ?”

“ಯಾರು, ದೇವ್ರಾ? ನನಗೇನ್ ಗೊತ್ತಪ್ಪಾ. ಕೆಂಪು ಸಮುದ್ರದಲ್ಲಿ ಅಟ್ಟಿಸ್ಕೊಂಡ್ ಬಂದ ಆ ಕಡೆಯವ್ರೆಲ್ಲ ಮುಳುಗೋದ್ರು, ಅಷ್ಟು ಗೊತ್ತು.”

ವಸಂತದ ಸಭೆಯ ದಿನ ಅಕ್ಕ ಮುಖ ಮುಚ್ಚುವಷ್ಟು ಅಗಲದ ಬಿಸಿಲು ಟೋಪಿ ಹಾಕಿಕೊಂಡು ನನ್ನ ಪಕ್ಕ ಗೋಡೆಗೊರಗಿ ಕೂತಳು. ಚಳಿಗೆಂದು ಅಡಿಯಿಂದ ಬೆಚ್ಚಗೆ ಕಾಯಿಸಿದ ಸಂಘದ ಕೋಣೆಯ ನೆಲ. ಗೂ ಎದ್ದು ನಿಂತು ತನ್ನ ಯೋಜನೆ ಓದಿದ. ಓದಿ, ಟೋಪಿಯನ್ನೇ ನೋಡುತ್ತ ನಿಂತ. ಟೋಪಿ ಅಲ್ಲಾಡಲಿಲ್ಲ.

“ಮಾತಾಡಿ ಅಮ್ಮಾ! ಸರಿ ಬಿಡಿ, ನೀವೇನ್ ಹೇಳ್ತೀರೋ ನನಗೆ ಗೊತ್ತು. ಕಾಫಿ ಅಂಗಡಿ ನಿನ್ನ ಭಾವಮೈದುನಂದಲ್ವಾ ಅಂತೀರಾ. ಹೌದು, ಅವನದೇ! ಏನೀಗ?”

ಅದುವರೆಗೆ ಆ ಸಂಗತಿ ಯಾರಿಗೂ ಗೊತ್ತಿರಲಿಲ್ಲ.

“ಎಷ್ಟು ತಿಂದೆ ಅಂತೀರಾ. ಏನೂ ತಿಂದಿಲ್ಲ! ಒಂದು ಕಾರು ಕೊಟ್ಟ, ಅದೂ ಹಳೇದು! ಹಳೇದು ಅಂತಿದೀನಿ, ಯಾಕಮ್ಮಾ ಹಾಗೆ ನೋಡ್ತೀರಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಯಾರೂ ಏನೂ ಅನ್ನದೆ ಹೆಗಲು ಮುಟ್ಟಿಕೊಂಡವನು ಇವನೊಬ್ಬನೇ. ಏಡಿ ಮಾರುವವಳು ಎದ್ದು ಅವನ ಕೈಯ ಕಾಗದ ಕಿತ್ತುಕೊಂಡಳು. ಮೂಲೆ ಅಕ್ಕನಿಗೇ ಎಂದು ಎಲ್ಲರೂ ಕೈಯೆತ್ತಿದರು. ಅಧ್ಯಕ್ಷಗಿರಿಯೂ ಅಲ್ಲೇ ಹೋಯಿತು.

ನಾನು ಖುಷಿಯಿಂದ ಬಾಗಿ ಟೋಪಿಯ ಕೆಳಗೆ ಇಣುಕಿದೆ. ಅಕ್ಕ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು, ಗಲ್ಲದ ಮೇಲೆ ಜೊಲ್ಲು. ಗೂ ಎದ್ದು ನಿಲ್ಲುವ ಮೊದಲೇ ಮಲಗಿದ್ದಳೋ ಏನೋ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಗಂಡ ಹೋದಂದಿನಿಂದ ಈ ಹೆಂಗಸು ನೆಟ್ಟಗೆ ಮಲಗಿದ್ದನ್ನು ನಾನು ಕಾಣೆ. ಅಂಥವಳು, ತನ್ನ ಅನ್ನವನ್ನೇ ಕಿತ್ತುಕೊಳ್ಳಲು ಕೂತವರ ನಡುವೆ, ಎಳೆಗೂಸಿನ ಹಾಗೆ ಮೈಮರೆತು ಮಲಗಿದ್ದಳು. ನನಗೆ ಅಳು ಬಂತು. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಬಂತು.

ಚಪ್ಪಾಳೆಗೆ ಅವಳಿಗೆ ಎಚ್ಚರವಾಯಿತು. ಸಭೆ ಮುಗಿದದ್ದನ್ನು ಕಂಡು, ನನ್ನತ್ತ ತಿರುಗಿ, ಅಂಗಿಯ ತೋಳು ಮೇಲೇರಿಸಿ, ಕಕ್ಕಸಿನ ದಿಕ್ಕಿಗೆ ಬೆರಳು ತೋರಿಸಿದಳು: ಭರಣಿ ಹೊರೋಕೆ ಬರ್ತೀಯಾ? ಜಾಗ ಹೋಯಿತೆಂದೇ ತಿಳಿದಿದ್ದಳು. ಆಮೇಲೆ ಆಕಳಿಸಿ, ಹೊಟ್ಟೆ ಸವರಿಕೊಂಡು, ಮೊದಲು ಊಟ ಮಾಡೋಣ ಎಂದು ಸನ್ನೆ ಮಾಡಿದಳು.