ಉಪ್ಪುಂಡ ಇಟ್ಟಿಗೆ

ನಾನ್‌ಜಿಂಗಿನ ಪೆಯ್‌ಫಾಂಗ್ ಅಜ್ಜಿ ಮೂವತ್ತೆಂಟು ಚಳಿಗಾಲ ಸೊಪ್ಪಿಗೆ ಉಪ್ಪು ಸವರಿ ಜಾಡಿಗೆ ತುಂಬಿ, ಮೇಲೆ ಭಾರಕ್ಕೆಂದು ಪ್ರತಿ ಸಲವೂ ಒಂದೇ ಹಳೆಯ ಇಟ್ಟಿಗೆಯನ್ನು ಹೇರಿಟ್ಟವಳು. ಹಿಂದೆ ಊರಿನ ಕೋಟೆಗೋಡೆ ಕುಸಿದಾಗ ಓಣಿಯವರೆಲ್ಲ ಹೊತ್ತು ತಂದಂತೆ ಅವಳ ಮಾವನೂ ತಂದಿದ್ದ ಇಟ್ಟಿಗೆ ಅದು. ಈಗ ಗೋಡೆಯ ದುರಸ್ತಿಗೆ ಹಳೆಯ ಇಟ್ಟಿಗೆಗಳನ್ನು ಮರಳಿಸಿ ಎಂದು ಓಣಿಯಲ್ಲಿ ಕೂಗಿ ಹೇಳಿದ್ದರು. ಅಜ್ಜಿ ದಾರಿಯುದ್ದಕ್ಕೂ ಗೊಣಗುತ್ತ ಅದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಗೋಡೆಯ ಬಳಿಗೆ ಬಂದಳು.

ಗಾರೆ ಕೆಲಸದ ಯಾನ್ ಇಟ್ಟಿಗೆಯನ್ನು ಮೂಸಿ ನಕ್ಕ. "ಏನಜ್ಜಿ, ಇಟ್ಟಿಗೇನೂ ಉಪ್ಪಿನಕಾಯಿ ಹಾಕ್ಬಿಟ್ಟಿದೀರಲ್ಲ!"

"ಬಾಯ್ಮುಚ್ಕೊಂಡು ತಗೋ. ಇನ್ಮೇಲೆ ಜಾಡಿ ಮೇಲೆ ನಿನ್ನನ್ನೇ ಕೂರಿಸ್ತೀನಿ."

ಯಾನ್ ಇಟ್ಟಿಗೆಯ ಬದಿಯನ್ನು ಬ್ರಷ್ಷಿನಿಂದ ಉಜ್ಜಿದ. ಉಪ್ಪಿನ ಪದರ ಉದುರಿ ಅಕ್ಷರಗಳು ಕಾಣಿಸಿದವು.

"ಇದನ್ನ ಸುಟ್ಟೋನ ಹೆಸರು ನೋಡಿ, ತು ಫುಸಾನ್. ಆರುನೂರು ವರ್ಷದ ಹಿಂದಿನೋನು. ಇಟ್ಟಿಗೆ ಒಡೆದ್ರೆ ಹಿಡ್ಕೊಂಡು ಬಂದು ಶಿಕ್ಷೆ ಕೊಡೋಕೆ ಅಂತ ಹೆಸರು ಒತ್ತಿಸ್ತಿದ್ರು."

ಅಜ್ಜಿಯ ಗೊಣಗಾಟ ನಿಂತೇಹೋಯಿತು. ಆ ಹೆಸರಿನ ಮೇಲೆ ಬೆರಳಾಡಿಸಿ ತಲೆಯೆತ್ತಿದಳು. ಗೋಡೆ ಸರೋವರದ ಅಂಚಿನಲ್ಲಿ ಸಾಗಿ ಸಾಗಿ ಮಂಜಿನೊಳಗೆ ಮರೆಯಾಗಿತ್ತು. ಅಷ್ಟುದ್ದಕ್ಕೂ ಇಟ್ಟಿಗೆ, ಇಟ್ಟಿಗೆಗೊಂದು ಹೆಸರು, ಆ ಹೆಸರಿನ ಹಿಂದೆ ಎದೆ ಢವಗುಟ್ಟುತ್ತ ಇಟ್ಟಿಗೆ ಸುಡುವ ಗೂಡಿನ ಮುಂದೆ ಕಾದು ಕುಳಿತಿದ್ದ ಒಬ್ಬ ಮನುಷ್ಯ! ಅವಳಿಗೆ ಮೈ ಜುಮ್ಮೆಂದಿತು.

ಯಾನ್ ಹೆಸರು ಹೊರಗೆ ಕಾಣುವಂತೆ ಇಟ್ಟಿಗೆಯನ್ನು ಗೋಡೆಯಲ್ಲಿ ಕೂರಿಸಿದ. ಅಜ್ಜಿ ಅದನ್ನು ಮೆಲ್ಲನೆ ತಟ್ಟಿದಳು.

"ಇನ್ನು ಹೆದರ್ಕೋಬೇಡ ಕಣಪ್ಪಾ, ಫುಸಾನ್. ಮೂವತ್ತೆಂಟು ವರ್ಷ ಉಪ್ಪುನೀರಲ್ಲಿಟ್ಟು ನಾನೇ ನೋಡಿದೀನಿ. ಒಂದು ಬಿರುಕೂ ಬಿಟ್ಟಿಲ್ಲ."